ಅಪ್ಪನ ನೆನಪಿನಲ್ಲಿ ಇಲ್ಲದ ಐದು ಗಂಟೆಗಳು

ಪ್ರಶ್ನೆ: ನನ್ನ ತಂದೆಯವರಿಗೆ 64 ವರ್ಷ. ಸಾಗರದ ಸಮೀಪದ ಹಳ್ಳಿಯಲ್ಲಿ ತೋಟ ನೋಡಿಕೊಂಡಿದ್ದಾರೆ. ಕಳೆದ ತಿಂಗಳು ಒಂದು ದಿನ ಬೆಳಿಗ್ಗೆ ಏಳರ ಸುಮಾರಿಗೆ ಕೆರೆಯಲ್ಲಿ ಈಜಿ ಮನೆಗೆ ಬಂದವರು, "ನಾನು ಎಲ್ಲಿಗೆ ಹೋಗಿದ್ದೆ? ಇವತ್ತು ಯಾವ ವಾರ?" ಎಂದು ಕೇಳತೊಡಗಿದರು. ಉತ್ತರ ಹೇಳಿದರೆ "ಹೌದಾ" ಎನ್ನುವರು. ಎರಡು ನಿಮಿಷ ಕಳೆಯುವುದರೊಳಗೆ ಮತ್ತೆ ಅದೇ ಪ್ರಶ್ನೆ, ಅದೇ ಧ್ವನಿ. ನಮ್ಮೆಲ್ಲರ ಗುರುತು ಅವರಿಗಿತ್ತು. ಕೊಟ್ಟಿಗೆಗೆ ಹೋಗಿ ಎಂದಿನಂತೆ ಹಾಲು ಕರೆದರು. ಆದರೆ ಎರಡು ತಿಂಗಳ ಹಿಂದೆ, ಹಸು ಈಯುವಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತಿದ್ದ ಅವರೇ, ಆ ಕರುವನ್ನು ಕಂಡು "ಇದು ಯಾವಾಗ ಹುಟ್ಟಿತು?" ಎಂದರು. ಹತ್ತು ಗಂಟೆಗೆ ತೆಗೆಸಿದ ಎಂ.ಆರ್.ಐ.ನಲ್ಲಿ ಏನೂ ಕಾಣಲಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಸರಿಹೋದರು. ವೈದ್ಯರು ಇದು 'ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೀಸಿಯಾ' ಎಂದರು. ಈಗ ಕರುವಿನ ನೆನಪಿದೆ, ಆ ಐದು ಗಂಟೆಗಳದ್ದು ಮಾತ್ರ ಇಲ್ಲ. ಅವು ಎಲ್ಲಿಗೆ ಹೋದವು? ಸಮ್ಮೋಹನ ಚಿಕಿತ್ಸೆಯಿಂದ ಮರಳಿ ಬರುತ್ತವೆಯೇ? ತಮ್ಮನ ಮದುವೆಯ ಓಡಾಟದ ಒತ್ತಡ ಕಾರಣವೇ? ಇದು ಅಲ್ಝೈಮರ್ ಕಾಯಿಲೆಯ ಆರಂಭವೇ? ಇನ್ನು ಈಜಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದಲ್ಲ, ಎರಡು ಬಗೆಯ ಮರೆವುಗಳಿವೆ. ಐದು ಗಂಟೆಗಳ ಮರೆವು ನಿಮ್ಮನ್ನು ಚಿಂತೆಗೆ ಹಚ್ಚಿದೆ; ಕರುವಿನ ಮರೆವು ಅಂದೇ ಸರಿಹೋದದ್ದರಿಂದ ಅದನ್ನು ನೀವು ಹೆಚ್ಚು ಗಮನಿಸಿಲ್ಲ. ನನಗೆ ಮಾತ್ರ ಆ ಕರುವೇ ಇಡೀ ಪತ್ರದ ಮುಖ್ಯ ಸುಳಿವಾಗಿ ಕಂಡಿತು. ಕರುವಿನ ನೆನಪು ಮಿದುಳಿನಲ್ಲಿ ಇತ್ತು, ಅದರ ಬಳಿಗೆ ಹೋಗುವ ದಾರಿ ಮಾತ್ರ ಆ ಬೆಳಿಗ್ಗೆ ಮುಚ್ಚಿತ್ತು. ದಾರಿ ತೆರೆದೊಡನೆ ಅದು ಮರಳಿತು. ಆ ಐದು ಗಂಟೆಗಳಾದರೋ ನೆನಪಾಗಿ ಮಾರ್ಪಡಲೇ ಇಲ್ಲ. ಇಟ್ಟದ್ದು ಕೈಗೆ ಸಿಗದಿದ್ದರೆ ಹುಡುಕಬಹುದು, ಇಡದೇ ಇದ್ದದ್ದನ್ನು ಎಲ್ಲಿ ಹುಡುಕುವುದು? ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರವೆಂದರೆ, ಆ ಗಂಟೆಗಳು ಎಲ್ಲಿಗೂ ಹೋಗಿಲ್ಲ, ಮತ್ತು ಅವು ಮರಳುವುದೂ ಇಲ್ಲ. ಇಷ್ಟು ಖಚಿತವಾಗಿ ಹೇಳಲು ಆಧಾರವೇನು ಎಂಬುದನ್ನು ತಿಳಿಸಲು ಸ್ವಲ್ಪ ಹಿಂದಿನಿಂದ ಆರಂಭಿಸಬೇಕಾಗುತ್ತದೆ.

ವೈದ್ಯರು ಹೇಳಿದ ಹೆಸರನ್ನು ಕನ್ನಡದಲ್ಲಿ 'ತಾತ್ಕಾಲಿಕ ಸಮಗ್ರ ವಿಸ್ಮೃತಿ' ಎನ್ನಬಹುದು. 1958ರಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನರವೈದ್ಯರಾದ ಮಿಲ್ಲರ್ ಫಿಶರ್ ಮತ್ತು ರೇಮಂಡ್ ಆಡಮ್ಸ್ ಕೊಟ್ಟ ಹೆಸರು ಇದು. 'ಸಮಗ್ರ' ಎಂಬ ಮಾತು ಕೇಳಿದವರನ್ನು ಸುಮ್ಮನೆ ಹೆದರಿಸುತ್ತದೆ. ಏಕೆಂದರೆ ಈ ಸ್ಥಿತಿಯಲ್ಲಿ ಮನುಷ್ಯನಿಗೆ ತನ್ನ ಹೆಸರು, ಮನೆಯವರು, ಭಾಷೆ, ಲೆಕ್ಕ, ಕೈಗೆಲಸ ಇವೆಲ್ಲ ಹಾಗೆಯೇ ಉಳಿದಿರುತ್ತವೆ. ಹೊಸದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಏಕಾಏಕಿ ನಿಂತುಹೋಗುವುದು, ಪ್ರಜ್ಞೆ ತಪ್ಪದಿರುವುದು, ಕೈಕಾಲುಗಳಲ್ಲಿ ಬಲಹೀನತೆಯಾಗಲಿ ಮಾತಿನಲ್ಲಿ ತೊದಲಾಗಲಿ ಇಲ್ಲದಿರುವುದು, ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿರದಿರುವುದು, ಫಿಟ್ಸ್‌ನ ಲಕ್ಷಣ ಕಾಣದಿರುವುದು, ಮತ್ತು ಎಲ್ಲವೂ 24 ಗಂಟೆಗಳೊಳಗೆ ಸರಿಹೋಗುವುದು, ಇಷ್ಟು ಕೂಡಿಬಂದರೆ ಮಾತ್ರ ವೈದ್ಯರು ಈ ಹೆಸರನ್ನು ಬಳಸುತ್ತಾರೆ. ಇದನ್ನು ಕಣ್ಣಾರೆ ಕಂಡವರೊಬ್ಬರ ಹೇಳಿಕೆಯೂ ಬೇಕು, ಏಕೆಂದರೆ ಅನುಭವಿಸಿದವರ ಬಳಿ ಹೇಳಲು ಏನೂ ಇರುವುದಿಲ್ಲ. ಹೆಚ್ಚಾಗಿ 50 ವರ್ಷ ದಾಟಿದವರಲ್ಲಿ, ತಣ್ಣೀರಿಗೆ ಇಳಿದಾಗ, ತೀರ ಶ್ರಮದ ಕೆಲಸ ಮಾಡಿದಾಗ ಅಥವಾ ಮನಸ್ಸು ತೀವ್ರವಾಗಿ ಕಲಕಿದಾಗ ಇದು ಕಾಣಿಸಿಕೊಳ್ಳುತ್ತದೆ. ಕೆರೆಯ ಈಜಿನ ಬೆನ್ನಿಗೇ ಬಂದ ನಿಮ್ಮ ತಂದೆಯವರ ಅನುಭವ ಈ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ.

ನಿಮ್ಮ ಮನೆಯಲ್ಲಿ ಐದು ಗಂಟೆ ನಡೆದದ್ದು ಅಮೆರಿಕದ ಒಬ್ಬ ವ್ಯಕ್ತಿಯ ಬದುಕಿನಲ್ಲಿ 55 ವರ್ಷ ನಡೆಯಿತು. ಮಿದುಳು ನೆನಪನ್ನು ಹೇಗೆ ಕಟ್ಟುತ್ತದೆ ಎಂಬುದರ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಸಂಗತಿಗಳಿಗೆ ಬುನಾದಿ ಅವರೇ. ಕನೆಕ್ಟಿಕಟ್ ರಾಜ್ಯದಲ್ಲಿ 1926ರಲ್ಲಿ ಹುಟ್ಟಿದ ಹೆನ್ರಿ ಮೊಲೈಸನ್ ಅವರಿಗೆ ಬಾಲ್ಯದಿಂದಲೂ ಮೂರ್ಛೆರೋಗವಿತ್ತು. ಔಷಧಗಳು ಯಾವುವೂ ನಾಟದೆ, ಕೆಲಸ ಮಾಡಿಕೊಂಡು ಬದುಕುವುದೇ ಕಷ್ಟವಾದಾಗ, 1953ರ ಆಗಸ್ಟ್ 25ರಂದು ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಅವರ ಮಿದುಳಿನ ಎರಡೂ ಬದಿಗಳಲ್ಲಿ, ಕಿವಿಗಳ ನೇರಕ್ಕೆ ಒಳಭಾಗದಲ್ಲಿರುವ ಒಂದಿಷ್ಟು ಅಂಗಾಂಶವನ್ನು ತೆಗೆದುಹಾಕಿದರು. ಅದರಲ್ಲಿ ಹಿಪೊಕ್ಯಾಂಪಸ್ ಎಂಬ, ಕಡಲಕುದುರೆಯ ಆಕಾರದಿಂದ ಹೆಸರು ಪಡೆದ ಭಾಗದ ಬಹಳಷ್ಟು ಸೇರಿತ್ತು. ಮೂರ್ಛೆ ಗಣನೀಯವಾಗಿ ಕಡಿಮೆಯಾಯಿತು. ಆದರೆ ಅಂದಿನಿಂದ 2008ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವವರೆಗೆ ಹೆನ್ರಿಯವರಿಗೆ, ಅವರ ಗಮನದಿಂದ ಜಾರಿದ ಹೊಸ ಸಂಗತಿಗಳು ಮರುಕ್ಷಣಕ್ಕೆ ಇಲ್ಲವಾಗುತ್ತಿದ್ದವು. ಬದುಕಿರುವವರೆಗೂ ಜಗತ್ತು ಅವರನ್ನು 'ಎಚ್.ಎಂ.' ಎಂಬ ಎರಡು ಅಕ್ಷರಗಳಿಂದ ಮಾತ್ರ ಬಲ್ಲದು. ಪೂರ್ಣ ಹೆಸರು ಹೊರಬಂದದ್ದು ಸಾವಿನ ನಂತರ. ಇಂಥ ಶಸ್ತ್ರಕ್ರಿಯೆಯನ್ನು ಎರಡೂ ಬದಿಗೆ ಮಾಡಕೂಡದೆಂದು ಇತರ ವೈದ್ಯರನ್ನು ಎಚ್ಚರಿಸುವ ಕೆಲಸವನ್ನು ಸ್ಕೋವಿಲ್ ಅವರೇ ಮಾಡಿದರು.

ಮಾಂಟ್ರಿಯಲ್‌ನಿಂದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ 1955ರ ಏಪ್ರಿಲ್‌ನಲ್ಲಿ ಅವರನ್ನು ಪರೀಕ್ಷಿಸಲು ಬಂದಾಗ, ಇಂದು ಯಾವ ದಿನವೆಂದು ಕೇಳಿದ್ದಕ್ಕೆ ಹೆನ್ರಿ 1953ರ ಮಾರ್ಚ್ ಎಂದೂ, ತಮ್ಮ ವಯಸ್ಸು 27 ಎಂದೂ ಉತ್ತರಿಸಿದರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಅವರ ಅಂಕ 112, ಅಂದರೆ ಸರಾಸರಿಗಿಂತ ಮೇಲೆ, ಶಸ್ತ್ರಕ್ರಿಯೆಗೆ ಮುಂಚೆ ಇದ್ದ 104ಕ್ಕಿಂತಲೂ ಹೆಚ್ಚು. ಆ ಕಾಲದಲ್ಲಿ ಇದು ವಿದ್ವಾಂಸರನ್ನು ಕಂಗೆಡಿಸಿದ ಸಂಗತಿ. ಏಕೆಂದರೆ ನೆನಪು ಮಿದುಳಿನ ತುಂಬ ಸಮವಾಗಿ ಹರಡಿರುತ್ತದೆ, ಬುದ್ಧಿಯಿಂದ ಅದನ್ನು ಬೇರ್ಪಡಿಸಲು ಆಗದು ಎಂಬ ನಂಬಿಕೆ ಆಗ ಬಲವಾಗಿತ್ತು. 1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಸೇರಿ ಪ್ರಕಟಿಸಿದ ಲೇಖನ ಆ ನಂಬಿಕೆಯನ್ನು ಮುರಿಯಿತು.

ಮುಂದಿನ ಪ್ರಯೋಗಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ನಿಮ್ಮ ತಂದೆಯವರ ನಡವಳಿಕೆಯಲ್ಲಿ ನೀವು ಕಂಡ ಎರಡು ವಿಚಿತ್ರಗಳನ್ನು ಅವು ಬಿಡಿಸುತ್ತವೆ. ಒಮ್ಮೆ ಮಿಲ್ನರ್ ಅವರು 584 ಎಂಬ ಸಂಖ್ಯೆಯನ್ನು ನೆನಪಿಡಲು ಹೇಳಿ ಹೊರಗೆ ಹೋದರು. ಕಾಲುಗಂಟೆಯ ನಂತರ ಬಂದು ಕೇಳಿದರೆ ಹೆನ್ರಿ ಸರಿಯಾಗಿ ಹೇಳಿದರು. ಐದು, ಎಂಟು, ನಾಲ್ಕು ಕೂಡಿದರೆ ಹದಿನೇಳು ಎಂದು ಏನೇನೋ ಲೆಕ್ಕದ ಸರಪಳಿ ಹೆಣೆದು, ಆ ಹೊತ್ತಿನುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಉರುಹೊಡೆಯುತ್ತಿದ್ದರಂತೆ. ಗಮನ ಬೇರೆಡೆಗೆ ಹೊರಳಿದೊಡನೆ ಸಂಖ್ಯೆಯಷ್ಟೇ ಅಲ್ಲ, ಸಂಖ್ಯೆಯೊಂದನ್ನು ಕೊಟ್ಟಿದ್ದರು ಎಂಬುದೂ ಹೋಯಿತು. ಎಂದರೆ, ಒಂದು ಸಂಗತಿಯನ್ನು ಈ ಗಳಿಗೆಯಲ್ಲಿ ಮನಸ್ಸಿನಲ್ಲಿ ಹಿಡಿದುಕೊಂಡಿರುವುದು ಬೇರೆ, ಅದನ್ನು ಮುಂದೆ ಬೇಕಾದಾಗ ತೆಗೆಯುವಂತೆ ಇಡುವುದು ಬೇರೆ. ಮೊದಲನೆಯದಕ್ಕೆ ಹಿಪೊಕ್ಯಾಂಪಸ್ ಬೇಕಿಲ್ಲ. ನಿಮ್ಮ ತಂದೆಯವರು ನಿಮ್ಮ ಉತ್ತರವನ್ನು ಕೇಳಿ, ಅರ್ಥಮಾಡಿಕೊಂಡು, "ಹೌದಾ" ಎಂದು ಸಮಾಧಾನಪಟ್ಟದ್ದು ನಟನೆಯಲ್ಲ. ಆ ಎರಡು ನಿಮಿಷ ಅವರು ಸಂಪೂರ್ಣ ಎಚ್ಚರದಲ್ಲಿದ್ದರು. ಹಿಡಿದದ್ದನ್ನು ಇಡುವ ಕೆಲಸ ನಿಂತಿತ್ತು, ಅಷ್ಟೇ. ಗಮನ ಜಾರಿದ ಮೇಲೆ ಅವರು ಪ್ರತಿ ಸಲವೂ ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದರು. ಅದೇ ಗಲಿಬಿಲಿ ಮತ್ತೆ ಹುಟ್ಟಿ, ಅದೇ ಪ್ರಶ್ನೆ ಅದೇ ಧ್ವನಿಯಲ್ಲಿ ಬರುತ್ತಿತ್ತು. ಮನೆಯವರ ಸಹನೆ ಮೊದಲು ಸೋಲುವುದು ಇಲ್ಲೇ. "ಈಗ ತಾನೇ ಹೇಳಿದೆನಲ್ಲ" ಎಂದು ಗದರಿಸಿದರೆ ಆ ಗದರಿಕೆಯೂ ಉಳಿಯುವುದಿಲ್ಲ, ಆತಂಕ ಮಾತ್ರ ಹೆಚ್ಚುತ್ತದೆ.

ಎರಡನೆಯದು ಕನ್ನಡಿಯ ಪ್ರಯೋಗ, 1962ರಲ್ಲಿ ಪ್ರಕಟವಾದದ್ದು. ಕಾಗದದ ಮೇಲೆ ಜೋಡಿ ಗೆರೆಗಳಲ್ಲಿ ಬರೆದ ನಕ್ಷತ್ರವಿರುತ್ತದೆ. ಕೈ ನೇರವಾಗಿ ಕಾಣದಂತೆ ಮರೆಮಾಡಿ, ಕನ್ನಡಿಯಲ್ಲಿ ಮಾತ್ರ ನೋಡುತ್ತ ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಒಮ್ಮೆ ಮಾಡಿ ನೋಡಿ, ಕೈ ಹೇಗೆ ಎಡವಟ್ಟಾಗುತ್ತದೆಂದು ಗೊತ್ತಾಗುತ್ತದೆ. ಮೂರು ದಿನಗಳಲ್ಲಿ ಹೆನ್ರಿಯವರ ತಪ್ಪುಗಳು ನಮ್ಮ ನಿಮ್ಮಂತೆಯೇ ಇಳಿಯುತ್ತ ಬಂದವು, ನಿನ್ನೆಯ ಪಳಗಿಕೆ ಇಂದಿಗೆ ಉಳಿದಿತ್ತು. ಆದರೆ ಪ್ರತಿ ದಿನವೂ ಆ ಕೆಲಸವನ್ನು ತಾವು ಹಿಂದೆಂದೂ ಮಾಡಿಯೇ ಇಲ್ಲವೆಂಬ ಭಾವನೆ ಅವರದು. ಕೈ ಕಲಿತದ್ದು ಮನಸ್ಸಿಗೆ ಗೊತ್ತಿಲ್ಲ! ಕೈಗೆಲಸದ ಪಳಗಿಕೆಯನ್ನು ಮಿದುಳಿನ ತಳಭಾಗದ ನರಕೇಂದ್ರಗಳೂ ಕಿರುಮಿದುಳೂ ನೋಡಿಕೊಳ್ಳುತ್ತವೆ, ಅವಕ್ಕೆ ಹಿಪೊಕ್ಯಾಂಪಸ್‌ನ ಹಂಗಿಲ್ಲ. ನಿಮ್ಮ ತಂದೆಯವರು ಕೆಚ್ಚಲಿಗೆ ನೀರು ಚಿಮುಕಿಸಿ, ಬೆರಳುಗಳ ಹದ ತಪ್ಪದೆ ಹಾಲು ಕರೆದದ್ದು ಈ ವ್ಯವಸ್ಥೆಯ ಬಲದಿಂದ. ಅದನ್ನು ಕಂಡು "ಇಷ್ಟೆಲ್ಲ ಮಾಡುವವರಿಗೆ ಮರೆವೆಲ್ಲಿದೆ, ಬೇಕೆಂದೇ ಮಾಡುತ್ತಿರಬೇಕು" ಎಂದು ಬಂಧುಗಳಲ್ಲಿ ಯಾರಾದರೂ ಆಡಿಕೊಂಡಿದ್ದರೆ, ಅವರಿಗೆ ಈ ನಕ್ಷತ್ರದ ಕಥೆಯನ್ನು ಹೇಳಿ.

ಹೆನ್ರಿಯವರ ಶಸ್ತ್ರಕ್ರಿಯೆಯಲ್ಲಿ ಹಿಪೊಕ್ಯಾಂಪಸ್‌ನ ಜೊತೆಗೆ ಸುತ್ತಲಿನ ಭಾಗಗಳೂ ಹೋಗಿದ್ದರಿಂದ, ವಿಸ್ಮೃತಿಗೆ ನಿಜವಾದ ಕಾರಣ ಯಾವುದೆಂಬ ತಕರಾರು ಬಹುಕಾಲ ಉಳಿಯಿತು. ಅವರ ಮರಣಾನಂತರ, 2009ರ ಡಿಸೆಂಬರ್‌ನಲ್ಲಿ, ಸ್ಯಾನ್ ಡಿಯೆಗೊದಲ್ಲಿ ಅವರ ಮಿದುಳನ್ನು 53 ಗಂಟೆಗಳ ಕಾಲ ಸತತವಾಗಿ ಕೊಯ್ದು 2,401 ತೆಳು ಪದರಗಳನ್ನಾಗಿ ಮಾಡಿದಾಗ, ಹಿಪೊಕ್ಯಾಂಪಸ್‌ನ ಹಿಂಭಾಗ ಸಾಕಷ್ಟು ಉಳಿದಿತ್ತೆಂಬುದು ಸ್ಪಷ್ಟವಾಯಿತು. ತಕರಾರನ್ನು ಬಗೆಹರಿಸಲು ನೆರವಾದದ್ದು ಅದಕ್ಕೂ ಮೊದಲಿನ ಇನ್ನೊಬ್ಬ ರೋಗಿ, 'ಆರ್.ಬಿ.'. 1978ರಲ್ಲಿ ಹೃದಯದ ಶಸ್ತ್ರಕ್ರಿಯೆಯ ನಂತರ ಮಿದುಳಿಗೆ ರಕ್ತ ಸಾಲದೆ ಹೋಗಿ ಅವರಿಗೆ ಹೊಸ ನೆನಪು ಕಟ್ಟುವ ಶಕ್ತಿ ಕುಂದಿತು. ಐದು ವರ್ಷಗಳ ನಂತರ ಅವರು ತೀರಿಕೊಂಡಾಗ ಮಿದುಳನ್ನು ಪರೀಕ್ಷಿಸಿದರೆ, ಎದ್ದುಕಾಣುವ ಹಾನಿಯಾಗಿದ್ದದ್ದು ಹಿಪೊಕ್ಯಾಂಪಸ್‌ನೊಳಗೆ 'ಸಿಎ1' ಎಂದು ಕರೆಯುವ ನರಕೋಶಗಳ ಒಂದು ಪಟ್ಟಿಗೆ, ಎರಡೂ ಬದಿಯಲ್ಲಿ. ಈ ಕೋಶಗಳು ಆಮ್ಲಜನಕದ ಕೊರತೆಯನ್ನು ಸ್ವಲ್ಪವೂ ತಾಳುವುದಿಲ್ಲ. ಅಷ್ಟು ಸಣ್ಣ ಜಾಗಕ್ಕೆ ಪೆಟ್ಟಾದರೆ ವಿಸ್ಮೃತಿ ಬರಲು ಸಾಕು ಎಂದು 1986ರಲ್ಲಿ ಪ್ರಕಟವಾದ ಆ ಅಧ್ಯಯನ ತೋರಿಸಿತು. ನಿಮ್ಮ ತಂದೆಯವರಿಗಾದ ತೊಂದರೆಯಲ್ಲಿ ಎಂ.ಆರ್.ಐ.ನ ವಿಶೇಷ ಚಿತ್ರಗಳಲ್ಲಿ ಕಾಣಿಸುವ ಚುಕ್ಕೆಗಳು, ಒಂದರಿಂದ ಐದು ಮಿಲಿಮೀಟರ್ ಗಾತ್ರದವು, ಬಹುತೇಕ ಇದೇ ಸಿಎ1 ಪಟ್ಟಿಯಲ್ಲಿರುತ್ತವೆ. ಆರ್.ಬಿ. ಅವರಲ್ಲಿ ಕೋಶಗಳು ಸತ್ತವು. ಇಲ್ಲಿ ಅವು ಕೆಲವು ಗಂಟೆ ಕೆಲಸ ನಿಲ್ಲಿಸಿ ಚೇತರಿಸಿಕೊಳ್ಳುತ್ತವೆ. ಅವು ಏಕೆ ನಿಲ್ಲುತ್ತವೆ ಎಂಬುದರಲ್ಲಿ ವೈದ್ಯವಿಜ್ಞಾನ ಇನ್ನೂ ಒಮ್ಮತಕ್ಕೆ ಬಂದಿಲ್ಲ: ಉಸಿರು ಬಿಗಿಹಿಡಿದಾಗ ಕುತ್ತಿಗೆಯ ಅಭಿಧಮನಿಗಳಲ್ಲಿ ರಕ್ತ ಹಿಮ್ಮೆಟ್ಟುತ್ತದೆ ಎಂದು ಕೆಲವರು, ಮೈಗ್ರೇನ್ ತಲೆನೋವಿನಲ್ಲಿ ಆಗುವಂತೆ ನರಚಟುವಟಿಕೆ ಅಲೆಯಾಗಿ ಕುಸಿಯುತ್ತದೆ ಎಂದು ಇನ್ನು ಕೆಲವರು ವಾದಿಸುತ್ತಾರೆ.

ಆ ಕೋಶಗಳು ದಿನವೂ ಮಾಡುವ ಕೆಲಸವೇನು? ಒಂದು ನರಕೋಶ ಇನ್ನೊಂದನ್ನು ಸಂಧಿಸುವ ಜಾಗಕ್ಕೆ ಸಿನಾಪ್ಸ್ ಎಂದು ಹೆಸರು. ಎರಡು ಕೋಶಗಳು ಮತ್ತೆ ಮತ್ತೆ ಜೊತೆಯಾಗಿ ಚುರುಕಾದರೆ ಅವುಗಳ ನಡುವಿನ ಸಂಧಿ ಬಲಗೊಳ್ಳಬೇಕು ಎಂದು ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ಊಹಿಸಿದ್ದರು. ಓಸ್ಲೊದಲ್ಲಿ ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ, ಅರಿವಳಿಕೆ ಕೊಟ್ಟ ಮೊಲಗಳ ಹಿಪೊಕ್ಯಾಂಪಸ್‌ಗೆ ವಿದ್ಯುತ್ತಿನ ಸಣ್ಣ ಸರಣಿ ಹಾಯಿಸಿ, ಸಂಧಿಗಳ ಬಲ ಗಂಟೆಗಟ್ಟಲೆ ಹೆಚ್ಚಿಯೇ ಇರುವುದನ್ನು ಕಂಡು 1973ರಲ್ಲಿ ಪ್ರಕಟಿಸಿದರು. ಇದು ನಡೆಯುವ ಬಗೆ ಸೊಗಸಾದದ್ದು. ಬ್ಯಾಂಕಿನ ಲಾಕರ್ ತೆರೆಯಲು ಎರಡು ಕೀಲಿಕೈಗಳು ಬೇಕು: ಒಂದು ನಿಮ್ಮದು, ಇನ್ನೊಂದು ಬ್ಯಾಂಕಿನವರದು. ಸಂಧಿಯಲ್ಲಿರುವ ಎನ್‌ಎಂಡಿಎ ಎಂಬ ಗ್ರಾಹಕವೂ, ಅಂದರೆ ರಾಸಾಯನಿಕ ಸಂದೇಶವನ್ನು ಹಿಡಿಯುವ ಪ್ರೋಟೀನೂ, ಹಾಗೆಯೇ. ಸಂದೇಶ ಕಳುಹಿಸುವ ಕೋಶದಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಬಂದು ಅಂಟಿಕೊಳ್ಳಬೇಕು, ಅದೇ ಹೊತ್ತಿಗೆ ಸಂದೇಶ ಪಡೆಯುವ ಕೋಶವೂ ತಾನಾಗಿ ಉದ್ರೇಕಗೊಂಡಿರಬೇಕು. ಆಗ ಮಾತ್ರ ದ್ವಾರವನ್ನು ಮುಚ್ಚಿರುವ ಮೆಗ್ನೀಸಿಯಂ ಹೊರದೂಡಲ್ಪಟ್ಟು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆ ಕ್ಯಾಲ್ಸಿಯಂ "ಇವೆರಡೂ ಒಟ್ಟಿಗೆ ನಡೆದವು" ಎಂಬುದರ ಗುರುತು. ಕೆರೆಯ ನೀರಿನ ಚಳಿ, ದಂಡೆಯಲ್ಲಿ ಕಂಡ ಮುಖ, ಮರಳುವ ದಾರಿ ಇವೆಲ್ಲ ಮಿದುಳಿನ ಬೇರೆ ಬೇರೆ ಮೂಲೆಗಳಿಗೆ ತಲುಪುವ ಬಿಡಿ ಸಂಗತಿಗಳು. ಅವೆಲ್ಲ ಒಂದೇ ಬೆಳಗಿನವು ಎಂದು ಕಟ್ಟು ಹಾಕುವುದು ಹಿಪೊಕ್ಯಾಂಪಸ್.

ಕಟ್ಟು ಹಾಕಿದ ಮಾತ್ರಕ್ಕೆ ಗಂಟು ಗಟ್ಟಿಯಾಗುವುದಿಲ್ಲ. ಹೊಸ ನೆನಪು ಮೊದಮೊದಲು ಮೆತ್ತಗಿದ್ದು, ಕಾಲ ಸರಿದಂತೆ ಗಟ್ಟಿಯಾಗುತ್ತದೆ ಎಂಬುದನ್ನು ಗಾಟಿಂಗನ್‌ನ ಮ್ಯುಲರ್ ಮತ್ತು ಪಿಲ್ಜೆಕರ್ 1900ರಲ್ಲಿಯೇ ಪ್ರಯೋಗಗಳಿಂದ ಹೇಳಿದ್ದರು. ಆ ಗಟ್ಟಿಯಾಗುವಿಕೆಯ ರಸಾಯನವನ್ನು ಎರಿಕ್ ಕ್ಯಾಂಡೆಲ್ ಅವರು ಸುಮಾರು 20,000 ನರಕೋಶಗಳಷ್ಟೇ ಇರುವ ಅಪ್ಲೀಸಿಯಾ ಎಂಬ ಕಡಲ ಜೀವಿಯಲ್ಲಿ ಬಿಡಿಸಿ 2000ದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು: ನಿಮಿಷಗಳ ನೆನಪಿಗೆ ಸಂಧಿಯಲ್ಲಿ ಈಗಾಗಲೇ ಇರುವ ಪ್ರೋಟೀನುಗಳಲ್ಲಿ ಆಗುವ ಬದಲಾವಣೆ ಸಾಕು, ದಿನಗಟ್ಟಲೆ ಉಳಿಯಬೇಕಾದರೆ ಕೋಶಕೇಂದ್ರದ ಜೀನ್‌ಗಳು ಎಚ್ಚೆತ್ತು ಹೊಸ ಪ್ರೋಟೀನು ತಯಾರಾಗಿ, ಹೊಸ ಸಂಧಿಗಳೇ ಬೆಳೆಯಬೇಕು. ಅದರ ಮುಂದಿನ ಹಂತ ನಿದ್ರೆಯಲ್ಲಿ ನಡೆಯುತ್ತದೆ. ಹಗಲು ಓಡಾಡಿದ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಜೊತೆಯಾಗಿ ಚುರುಕಾದ ಕೋಶಗಳೇ, ನಂತರದ ನಿದ್ರೆಯಲ್ಲಿಯೂ ಮತ್ತೆ ಜೊತೆಯಾಗಿ ಮಿಡಿಯುತ್ತವೆ ಎಂದು 1994ರಲ್ಲಿ ಗೊತ್ತಾಯಿತು. ಹೀಗೆ ತಿಂಗಳುಗಳ, ಬಹುಶಃ ವರ್ಷಗಳ ಅವಧಿಯಲ್ಲಿ ನೆನಪು ಮಿದುಳಿನ ಹೊರಪದರದಲ್ಲಿ ಬೇರೂರುತ್ತ ಹೋಗುತ್ತದೆ.

ಈಗ ಕರುವಿಗೆ ಬರೋಣ. ಫ್ರಾನ್ಸಿನ ತಿಯೊಡ್ಯೂಲ್ ರಿಬೊ 1881ರಲ್ಲಿ ಒಂದು ನಿಯಮ ಹೇಳಿದ್ದರು: ಮಿದುಳಿಗೆ ಪೆಟ್ಟಾದಾಗ ಹೊಸ ನೆನಪುಗಳು ಮೊದಲು ಹೋಗುತ್ತವೆ, ಹಳೆಯವು ಕೊನೆಯವರೆಗೆ ನಿಲ್ಲುತ್ತವೆ. ನಿಮ್ಮ ತಂದೆಯವರಿಗೆ ಆ ಬೆಳಿಗ್ಗೆ ತಮ್ಮ ಮದುವೆ, ತೋಟ, ಮಕ್ಕಳ ಹೆಸರು ಇವೆಲ್ಲ ಇದ್ದವು. ಎರಡು ತಿಂಗಳ ಕರು ಇರಲಿಲ್ಲ. ಅಷ್ಟು ಹೊಸ ನೆನಪು ಇನ್ನೂ ಹೊರಪದರದಲ್ಲಿ ಸ್ವಂತ ಕಾಲ ಮೇಲೆ ನಿಂತಿರುವುದಿಲ್ಲ. ಅದರ ಬಿಡಿ ಭಾಗಗಳನ್ನು ಒಂದುಗೂಡಿಸಿ ಎತ್ತಿಕೊಡಲು ಹಿಪೊಕ್ಯಾಂಪಸ್ ಬೇಕು. ಅದು ಕೆಲಸ ನಿಲ್ಲಿಸಿದ್ದರಿಂದ ಕರು ಕೈಗೆ ಸಿಗಲಿಲ್ಲ, ಮರಳಿ ಕೆಲಸಕ್ಕೆ ಹಾಜರಾದಾಗ ಕರುವೂ ಸಿಕ್ಕಿತು. ನೆನಪು ಅಳಿಸಿಯೇ ಹೋಗಿದ್ದರೆ ಯಾರೂ ಹೇಳಿಕೊಡದೆ, ಹಸು ಈದ ರಾತ್ರಿಯ ವಿವರಗಳೊಂದಿಗೆ ಅದು ಮರಳುತ್ತಿರಲಿಲ್ಲ. ಹಳೆಯ ನೆನಪುಗಳಿಗೆ ಹಿಪೊಕ್ಯಾಂಪಸ್ ಪೂರ್ತಿ ಬೇಡವೇ ಎಂಬ ಬಗ್ಗೆ ಮಾತ್ರ ವಿದ್ವಾಂಸರಲ್ಲಿ ವಾದವಿದೆ. ಹೆನ್ರಿಯವರಿಗೆ ಬಾಲ್ಯದ ಸಂಗತಿಗಳು ಗೊತ್ತಿದ್ದರೂ, ಇಂಥ ದಿನ ಇಂಥ ಜಾಗದಲ್ಲಿ ಹೀಗಾಯಿತು ಎಂದು ಕಣ್ಣಿಗೆ ಕಟ್ಟುವಂತೆ ಹೇಳಬಲ್ಲ ಘಟನೆಗಳು ತೀರ ವಿರಳವಾಗಿದ್ದವು. ಆದ್ದರಿಂದ ಸಾರಾಂಶಕ್ಕೆ ಹೊರಪದರ ಸಾಕು, ಸವಿಸ್ತಾರವಾದ ಘಟನೆಗೆ ಹಿಪೊಕ್ಯಾಂಪಸ್ ಎಂದೆಂದಿಗೂ ಬೇಕು ಎಂಬ ಪಕ್ಷ ನನಗೆ ಹೆಚ್ಚು ಒಪ್ಪಿತವೆನಿಸುತ್ತದೆ.

ಸಿಗದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಈ ಅಂತರವನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸುಸುಮು ತೊನೆಗಾವಾ ಅವರ ತಂಡ ಇಲಿಗಳಲ್ಲಿ ನೇರವಾಗಿ ಪರೀಕ್ಷಿಸಿದೆ. ಒಂದು ಪೆಟ್ಟಿಗೆಯಲ್ಲಿ ಇಲಿಗೆ ಸಣ್ಣ ವಿದ್ಯುದಾಘಾತ ಕೊಟ್ಟು, ಆಗ ಚುರುಕಾದ ಕೋಶಗಳಿಗೆ ಬೆಳಕಿಗೆ ಸ್ಪಂದಿಸುವ ಗುಣ ಬರುವಂತೆ ಮೊದಲೇ ಏರ್ಪಾಟು ಮಾಡಿರುತ್ತಾರೆ. ಕೂಡಲೇ ಹೊಸ ಪ್ರೋಟೀನು ತಯಾರಾಗದಂತೆ ತಡೆಯುವ ಔಷಧ ಕೊಟ್ಟರೆ, ಮರುದಿನ ಅದೇ ಪೆಟ್ಟಿಗೆಯಲ್ಲಿ ಇಲಿ ಹೆದರುವುದಿಲ್ಲ, ಮರೆತಿದೆ. ಆದರೆ ಗುರುತು ಹಾಕಿದ ಕೋಶಗಳ ಮೇಲೆ ಸಣ್ಣ ತಂತುವಿನ ಮೂಲಕ ಬೆಳಕು ಬಿಟ್ಟರೆ ಅದು ಹೆದರಿ ಸೆಟೆದು ನಿಲ್ಲುತ್ತದೆ! 2015ರಲ್ಲಿ ಪ್ರಕಟವಾದ ಈ ಫಲಿತಾಂಶ, ವಿಸ್ಮೃತಿಗಳಲ್ಲಿ ಕೆಲವಾದರೂ ಅಳಿಸಿದ ನೆನಪುಗಳಲ್ಲ, ಬೀಗ ಬಿದ್ದ ನೆನಪುಗಳು ಎಂದು ತೋರಿಸಿತು. ಹಾಗಾದರೆ ಆ ಐದು ಗಂಟೆಗಳಿಗೂ ಹೀಗೆ ಬೆಳಕು ಬಿಡಬಹುದಲ್ಲ ಎಂದು ನೀವು ಕೇಳಬಹುದು. ಆ ಇಲಿಯಲ್ಲಿ ಅನುಭವ ನಡೆಯುವಾಗ ಹಿಪೊಕ್ಯಾಂಪಸ್ ಕೆಲಸ ಮಾಡುತ್ತಿತ್ತು, ಕೋಶಗಳ ಕಟ್ಟು ಬಿದ್ದಿತ್ತು, ತಡೆ ಬಂದದ್ದು ಆಮೇಲೆ. ನಿಮ್ಮ ತಂದೆಯವರಲ್ಲಿ ಕಟ್ಟು ಹಾಕಬೇಕಾದ ಜಾಗವೇ ಆ ಹೊತ್ತಿನಲ್ಲಿ ಸುಮ್ಮನಿತ್ತು.

ಸಮ್ಮೋಹನ ಚಿಕಿತ್ಸೆ ಬೇಡವೆಂದು ಹೇಳುವುದು ಇದೇ ಕಾರಣಕ್ಕೆ, ಮತ್ತು ಇನ್ನೊಂದು ಕಾರಣಕ್ಕೂ. ಮಿದುಳು ಖಾಲಿ ಜಾಗವನ್ನು ಸಹಿಸುವುದಿಲ್ಲ. ಕೇಳಿದ ಮಾತಿನಿಂದ, ಊಹೆಯಿಂದ ಅದನ್ನು ತುಂಬಿಕೊಳ್ಳುತ್ತದೆ. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ 1974ರಲ್ಲಿ ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರಿಗೆ ಕಾರುಗಳು 'ತಾಗಿದಾಗ' ವೇಗವೆಷ್ಟಿತ್ತೆಂದೂ ಇನ್ನು ಕೆಲವರಿಗೆ 'ಅಪ್ಪಳಿಸಿದಾಗ' ಎಷ್ಟಿತ್ತೆಂದೂ ಕೇಳಿದರು. ವಾರದ ನಂತರ, ಒಡೆದ ಗಾಜು ಕಂಡಿರಾ ಎಂಬ ಪ್ರಶ್ನೆಗೆ ಮೊದಲ ಗುಂಪಿನ 50 ಜನರಲ್ಲಿ 7 ಮಂದಿ, ಎರಡನೆಯ ಗುಂಪಿನ 50ರಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಒಂದೇ ಒಂದು ಪದ ಇಷ್ಟು ಮಾಡಬಲ್ಲುದಾದರೆ, ಇಲ್ಲದ ನೆನಪನ್ನು ಹುಡುಕಿ ತೆಗೆಯುತ್ತೇನೆಂದು ಗಂಟೆಗಟ್ಟಲೆ ಕೆದಕುವ ಸಮ್ಮೋಹನ ಏನೇನು ಸೃಷ್ಟಿಸಬಹುದೆಂದು ಯೋಚಿಸಿ. ಅಂದು ನಡೆದದ್ದನ್ನು ತಂದೆಯವರಿಗೆ ಹೇಳಬೇಡಿ ಎಂದಲ್ಲ. ಹೇಳಿ, ಅವರಿಗೆ ಅದರಿಂದ ಧೈರ್ಯ ಬರುತ್ತದೆ. ಆದರೆ ಇನ್ನು ಆರು ತಿಂಗಳಿಗೆ "ಆಸ್ಪತ್ರೆಗೆ ಹೋದದ್ದು ನನಗೆ ಸ್ವಲ್ಪ ಸ್ವಲ್ಪ ನೆನಪಿದೆ" ಎಂದು ಅವರು ಹೇಳತೊಡಗಿದರೆ, ಅದು ನಿಮ್ಮ ಮಾತುಗಳಿಂದ ನೆಯ್ದದ್ದು ಎಂದು ತಿಳಿಯಿರಿ. ತಿದ್ದಲು ಹೋಗಬೇಕಾಗಿಲ್ಲ.

ಅಲ್ಝೈಮರ್ ಕಾಯಿಲೆ ಹೀಗೆ ಶುರುವಾಗುವುದಿಲ್ಲ. ಅದೂ ಹಿಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗವನ್ನೇ ಮೊದಲು ಹಿಡಿಯುತ್ತದೆಯಾದರೂ, ತಿಂಗಳು ವರ್ಷಗಳಲ್ಲಿ ತೆವಳುತ್ತ ಬರುತ್ತದೆ. ಏಳು ಗಂಟೆಗೆ ಬಂದು ಹನ್ನೆರಡಕ್ಕೆ ಹೋಗುವುದಿಲ್ಲ. ನಿಮ್ಮ ತಂದೆಯವರಿಗಾದದ್ದು ಬಹುಪಾಲು ಜನರಲ್ಲಿ ಮರುಕಳಿಸುವುದೂ ಇಲ್ಲ. ಒಂದು ವೇಳೆ ಗಂಟೆಗೂ ಕಡಿಮೆ ಅವಧಿಯ ಮರೆವು ಪದೇ ಪದೇ, ಅದರಲ್ಲೂ ನಿದ್ರೆಯಿಂದ ಏಳುವಾಗ ಬಂದರೆ ಅದು ಮೂರ್ಛೆರೋಗದ ಒಂದು ಬಗೆಯಾಗಿರಬಹುದು. ಅದಕ್ಕೆ ಔಷಧವಿದೆ, ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇ.ಇ.ಜಿ. ಪರೀಕ್ಷೆ ಮಾಡಿಸಬೇಕು. ಗೊಂದಲದ ಜೊತೆ ಮುಖ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರೆ ಪಾರ್ಶ್ವವಾಯುವೆಂದೇ ಎಣಿಸಿ ಕೂಡಲೇ ಹೊರಡಬೇಕು. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರಾದರೆ ಮೊದಲು ಸಕ್ಕರೆಯ ಮಟ್ಟ ನೋಡಬೇಕು. ಮದ್ಯವ್ಯಸನ ಇರುವವರಲ್ಲಿ ಅಥವಾ ವಾರಗಟ್ಟಲೆ ವಾಂತಿಯಾದವರಲ್ಲಿ ಬಿ1 ಜೀವಸತ್ತ್ವದ ಕೊರತೆಯಿಂದ ಬರುವ ವಿಸ್ಮೃತಿ, ರಷ್ಯಾದ ಸೆರ್ಗೆಯ್ ಕೊರ್ಸಕೋವ್ 1880ರ ದಶಕದಲ್ಲಿ ವಿವರಿಸಿದ್ದು, ತಡಮಾಡಿದರೆ ಶಾಶ್ವತವಾಗಿ ನಿಲ್ಲುತ್ತದೆ; ಇದು ನಿಮ್ಮ ಮನೆಗೆ ಸಂಬಂಧಿಸಿದ್ದಲ್ಲವಾದರೂ, ನಮ್ಮಲ್ಲಿ ಇದನ್ನು ತಡವಾಗಿ ಗುರುತಿಸುವುದು ಹೆಚ್ಚಾದ್ದರಿಂದ ಹೇಳಿದೆ.

ಮದುವೆಯ ಒತ್ತಡದ ಬಗ್ಗೆ ಕೇಳಿದ್ದೀರಿ. ತೀವ್ರ ಭಾವೋದ್ವೇಗ ಈ ತೊಂದರೆಗೆ ಕಿಡಿಯಾಗಬಹುದು, ಆದರೆ ಈಜಿದ ಬೆನ್ನಿಗೇ ಶುರುವಾದದ್ದರಿಂದ ಇಲ್ಲಿ ತಣ್ಣೀರಿನ ಕಡೆಗೇ ನನ್ನ ಬೆರಳು ತೋರುತ್ತದೆ. ಒತ್ತಡ ಹಿಪೊಕ್ಯಾಂಪಸ್‌ಗೆ ಮಾಡುವ ಹಾನಿ ಬೇರೆ ಜಾತಿಯದು, ನಿಧಾನದ್ದು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಾದ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಹಾಕಿದಾಗ, ಹಿಪೊಕ್ಯಾಂಪಸ್‌ನ ನರಕೋಶಗಳ ಕೊಂಬೆಗಳು ಕುಗ್ಗಿದವು, ಭಯವನ್ನು ನೋಡಿಕೊಳ್ಳುವ ಅಮಿಗ್ಡಲದಲ್ಲಿ ಅವು ಬೆಳೆದವು. 2002ರಲ್ಲಿ ಪ್ರಕಟವಾದ ಈ ಕೆಲಸವನ್ನು ಇಂದಿಗೂ ಜಗತ್ತಿನ ಪ್ರಯೋಗಾಲಯಗಳು ಉಲ್ಲೇಖಿಸುತ್ತವೆ.

ಕೊನೆಯದಾಗಿ, ಎಂ.ಆರ್.ಐ.ನಲ್ಲಿ ಏನೂ ಕಾಣದಿದ್ದದ್ದಕ್ಕೆ ಚಿಂತೆ ಬೇಡ. ಸಿಎ1ರ ಆ ಚುಕ್ಕೆಗಳು ಚೆನ್ನಾಗಿ ಕಾಣುವುದು ತೊಂದರೆ ಆರಂಭವಾದ 24ರಿಂದ 72 ಗಂಟೆಗಳ ನಡುವೆ. ನಿಮ್ಮದು ಮೂರು ಗಂಟೆಗೇ ತೆಗೆದ ಚಿತ್ರ. ಮುಖ್ಯವಾಗಿ ಪಾರ್ಶ್ವವಾಯು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಅದನ್ನು ತೆಗೆಸಿರುತ್ತಾರೆ, ಆ ಉದ್ದೇಶ ಈಡೇರಿದೆ. ತಿಂಗಳು ಕಳೆದ ಮೇಲೆ ಈಗ ಮತ್ತೆ ತೆಗೆಸಿದರೂ ಚುಕ್ಕೆಗಳು ಸಿಗುವ ಸಂಭವ ಕಡಿಮೆ, ಹಣ ದಂಡ. ಈಜನ್ನು ಪೂರ್ತಿ ಬಿಡಿಸಬೇಕೆಂದು ನಾನು ಹೇಳುವುದಿಲ್ಲ; ಚಿಕಿತ್ಸೆ ನೀಡಿದ ವೈದ್ಯರನ್ನು ಒಮ್ಮೆ ಕೇಳಿ, ಅವರು ಒಪ್ಪಿದರೆ ಬಿಸಿಲೇರಿದ ಮೇಲೆ, ನಿಧಾನವಾಗಿ ನೀರಿಗಿಳಿದು, ದಂಡೆಯಲ್ಲಿ ಯಾರಾದರೂ ಇರುವಾಗ ಮಾತ್ರ ಈಜಲಿ. ಅಂದು ಅವರು ದಂಡೆಗೆ ಬಂದ ಮೇಲೆ ಹೀಗಾಯಿತೋ ನೀರಿನಲ್ಲಿರುವಾಗಲೋ ಎಂಬುದನ್ನು ಹೇಳಬಲ್ಲವರು ಯಾರೂ ಇಲ್ಲ.